ಅಪ್ಪನನ್ನು ಅಮೆರಿಕಕ್ಕೆ ಕರೆಸುವ ಮೊದಲು ಮಂಗಳವಾರದ ಡಾಕ್ಟರ್ ಬಗ್ಗೆ ವಿಚಾರಿಸಿ

ನಮಸ್ಕಾರ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಒಬ್ಬರೇ ಇರುವ ತಂದೆ ಇತ್ತೀಚೆಗೆ ಮಂಕಾಗಿದ್ದಾರೆ, ಇಲ್ಲಿಗೆ ಕರೆಸಲಾ ಅಥವಾ ಬೆಂಗಳೂರಿನ ವೃದ್ಧಾಶ್ರಮಕ್ಕೆ ಸೇರಿಸಲಾ ಅಂತ ಕೇಳಿದ್ದೀರಿ. ಎರಡಕ್ಕೂ ಮೊದಲು ಒಬ್ಬ ಡಾಕ್ಟರ್ ಅವರನ್ನು ನೋಡಲಿ.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಮನೋಚೈತನ್ಯ ಅಂತ ಇದೆ. ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಮೊದಲೆಲ್ಲ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ, ಇಲ್ಲವೇ ಮಣಿಪಾಲಕ್ಕೆ, ನಿಮ್ಹಾನ್ಸ್‌ಗೆ ಅಂತ ಓಡಬೇಕಿತ್ತು.

ನಮ್ಮ ಕಡೆ ತೋಟಕ್ಕೊಂದು ಮನೆ, ಗೊತ್ತಲ್ವಾ. ಮಳೆಗಾಲದಲ್ಲಿ ಕರೆಂಟಿಲ್ಲ, ನೆಟ್‌ವರ್ಕಿಲ್ಲ, ಮಕ್ಕಳೆಲ್ಲ ಹೊರಗೆ. ಅಡಿಕೆಗೆ ಎಲೆಚುಕ್ಕಿ ರೋಗ ಬಂದ ಮೇಲಂತೂ ತೋಟ ನೋಡಿಯೇ ಕುಗ್ಗಿದವರಿದ್ದಾರೆ. ಆದರೆ ಮನಸ್ಸಿಗೆ ಸರಿಯಿಲ್ಲ ಅಂತ ಯಾರೂ ಹೇಳುವುದಿಲ್ಲ. ನಿದ್ದೆ ಬರಲ್ಲ, ಊಟ ಸೇರಲ್ಲ, ಮೈಕೈ ನೋವು ಅಂತಾರೆ ಅಷ್ಟೆ. ವಯಸ್ಸಾಯ್ತು, ಅರಳುಮರಳು ಅಂತ ನಾವೂ ಸುಮ್ನಾಗುತ್ತೇವೆ. ಖಿನ್ನತೆಗೆ ಎಪ್ಪತ್ತೈದರಲ್ಲೂ ಚಿಕಿತ್ಸೆ ಇದೆ. ಮರೆವೆಲ್ಲ ಆಲ್ಝೈಮರ್ ಅಲ್ಲ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆಯಿಂದಲೂ ಮರೆವು ಬರುತ್ತದೆ. ದಿಢೀರನೆ ಗಲಿಬಿಲಿ ಶುರುವಾದರೆ ಮೂತ್ರದ ಸೋಂಕು ಇರಬಹುದು, ರಕ್ತದಲ್ಲಿ ಸೋಡಿಯಂ ಇಳಿದಿರಬಹುದು. ಆಗ ಮಂಗಳವಾರ ಬರಲಿ ಅಂತ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಲಿ.

ಇದು ಮುದುಕರ ವಿಷಯ ಮಾತ್ರ ಅಂದುಕೊಳ್ಳಬೇಡಿ. ನನ್ನ ದೊಡ್ಡಮ್ಮನಿಗೆ ಮರೆವಿನ ಕಾಯಿಲೆ. ಅವರ ತಾಲ್ಲೂಕಿಗೆ ಡಾಕ್ಟರ್ ಬರುವುದು ಕೆಲವು ತಿಂಗಳು ನಿಂತಿತು, ಮಾತ್ರೆ ತಪ್ಪಿತು, ರಾತ್ರಿ ಎದ್ದು ತೋಟದ ಕಡೆ ನಡೆಯಲು ಶುರು ಮಾಡಿದರು. ಸೊಸೆ ಸೊಸೈಟಿಯ ಕೆಲಸ ಬಿಡಬೇಕಾಯಿತು. ಮೊಮ್ಮಗನ ಎಸ್ಸೆಸ್ಸೆಲ್ಸಿ ಓದು ಕೆಟ್ಟಿತು. ಪಕ್ಕದ ಮನೆಯವರು ಬ್ಯಾಟರಿ ಹಿಡಿದು ಹುಡುಕಲು ಹೋಗುತ್ತಿದ್ದರು, ಬೆಳಗ್ಗೆ ಎದ್ದು ಅವರಿಗೂ ಕೆಲಸ ಇರುತ್ತದೆ ಅಲ್ವಾ. ಡಲ್ಲಾಸ್‌ನಲ್ಲಿ ನಮಗೂ ಫೋನ್ ಬಡಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಡಾಕ್ಟರ್ ಭೇಟಿ ಮತ್ತೆ ಶುರುವಾದ ಮೇಲೆ ದೊಡ್ಡಮ್ಮನ ಕಾಯಿಲೆ ಹೋಗಲಿಲ್ಲ, ಆದರೆ ರಾತ್ರಿ ನಿದ್ದೆ ಮಾಡಿದರು. ಇಡೀ ಕೇರಿ ನಿದ್ದೆ ಮಾಡಿತು.

ನನ್ನ ಮಗಳು ಮಾತ್ರ ಅಜ್ಜಿಗೆ ನನ್ನ ಮೇಲೆ ಕೋಪ ಅಂತ ವಿಡಿಯೋ ಕಾಲ್‌ಗೆ ಬರುತ್ತಿರಲಿಲ್ಲ. ಕೋಪ ಅಲ್ಲ, ಮೆದುಳಿನ ಕಾಯಿಲೆ ಅಂತ ನೇರವಾಗಿ ಹೇಳಿದೆವು. ಈಗ ಅವಳೇ ತನ್ನ ಹೆಸರು ಹೇಳಿ ಮಾತು ಶುರು ಮಾಡುತ್ತಾಳೆ. ಮಕ್ಕಳಿಂದ ಮುಚ್ಚಿಡಬೇಡಿ.

ಮನೆಗೆ ಸಿಸಿ ಕ್ಯಾಮೆರಾ ಹಾಕಿಸುವ ದುಡ್ಡಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಗೊತ್ತಿರುವ ಆಟೋದವರನ್ನು ಗೊತ್ತು ಮಾಡಿ. ತಂದೆಯವರ ಫೋನಿನಲ್ಲಿ 14416 ಸೇವ್ ಮಾಡಿಸಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಅದು, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಆದರೆ ರಕ್ತ ಪರೀಕ್ಷೆ ಫೋನಿನಲ್ಲಿ ಆಗುವುದಿಲ್ಲ, ಡಾಕ್ಟರ್ ಬರಲೇಬೇಕು.

ತೀರ್ಥಹಳ್ಳಿ, ಹೊಸನಗರ, ಸೊರಬದವರು ನಿಮ್ಮಲ್ಲಿ ಡಾಕ್ಟರ್ ಬರುತ್ತಿದ್ದಾರಾ ಅಂತ ಮನೆಯವರನ್ನು ಕೇಳಿ ಇಲ್ಲಿ ಹಾಕಿ. ಬರುತ್ತಿಲ್ಲ ಅಂದರೆ ಜಿಲ್ಲಾ ಆರೋಗ್ಯಾಧಿಕಾರಿಗೆ ಅರ್ಜಿ ನಾನು ಬರೆದುಕೊಡುತ್ತೇನೆ, ಸಹಿ ಊರಲ್ಲಿರುವವರು ಹಾಕಲಿ.