ತೋಟದ ಆಫೀಸಿನಿಂದ ಡೇಟಾ ಅನಲಿಸ್ಟ್ ಕೆಲಸಕ್ಕೆ: ಮಳೆ ಪುಸ್ತಕವನ್ನೇ ಪ್ರಾಜೆಕ್ಟ್ ಮಾಡಬಹುದಾ?

ಚೆಕ್‌ರೋಲ್_ಸಿದ್ದಾಪುರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬಿ.ಕಾಂ. ಮುಗಿಸಿ ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್ (ಲೆಕ್ಕದ ಗುಮಾಸ್ತ) ಕೆಲಸದಲ್ಲಿದ್ದೇನೆ. ಚೆಕ್‌ರೋಲು (ಆಳುಗಳ ಹಾಜರಿ ಪುಸ್ತಕ), ಟ್ಯಾಲಿ, ಕುಯ್ಲಿನ ತೂಕ, ಮಳೆ ಲೆಕ್ಕ ಎಲ್ಲ ನನ್ನ ಕೈಯಲ್ಲೇ. ಎಕ್ಸೆಲ್‌ನಲ್ಲಿ ವಿಲುಕಪ್, ಪಿವಟ್ ಟೇಬಲ್ ಬರುತ್ತದೆ. ಡೇಟಾ ಅನಲಿಸ್ಟ್ ಕೆಲಸಕ್ಕೆ ಮೈಸೂರು ಅಥವಾ ಬೆಂಗಳೂರಿನಲ್ಲಿ ಪ್ರಯತ್ನಿಸಬೇಕು ಅಂತ ಇದೆ.

ಮೊದಲು ಎಸ್‌ಕ್ಯೂಎಲ್ (ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಭಾಷೆ) ಕಲಿಯಬೇಕಾ, ಪೈಥಾನ್ ಕಲಿಯಬೇಕಾ? ಇಂಟರ್‌ನೆಟ್‌ನಲ್ಲಿ ಅಭ್ಯಾಸಕ್ಕೆ ಸಿಗುವ ಟೈಟಾನಿಕ್ ಹಡಗಿನ ಪ್ರಯಾಣಿಕರ ಡೇಟಾ ಬಿಟ್ಟು ತೋಟದ 20 ವರ್ಷದ ಮಳೆ ಪುಸ್ತಕವನ್ನೇ ಪ್ರಾಜೆಕ್ಟ್ ಮಾಡಿದರೆ ಕಂಪನಿಯವರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರಾ? ಒಂದು ಕಡೆ ಕೋರ್ಸಿಗೆ 80 ಸಾವಿರ ಕೇಳುತ್ತಿದ್ದಾರೆ, ಬೇಕಾ? ಲ್ಯಾಪ್‌ಟಾಪ್ 8 ಜಿಬಿ. ಮಳೆಗಾಲದಲ್ಲಿ ಇಲ್ಲಿ ಕರೆಂಟು, ನೆಟ್ ಎರಡೂ ದೇವರ ದಯೆ.

ಮಳೆಕೋಲು:

ಪುಸ್ತಕ ಬಿಡಬೇಡಿ. ಟೈಟಾನಿಕ್ ಡೇಟಾ ತೊಳೆದು ಒರೆಸಿ ಇಟ್ಟ ಪಾತ್ರೆ, ಅದನ್ನು ತಿಕ್ಕಿ ತೋರಿಸಿದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಮಳೆ ಪುಸ್ತಕದಲ್ಲಿ ನಿಜವಾದ ಕೊಳೆ ಇದೆ.

ಟೈಪ್ ಮಾಡುವ ಮೊದಲು ಒಂದು ಸಾಲು ಅಂದರೆ ಏನು ಅಂತ ತೀರ್ಮಾನಿಸಿ: ಒಂದು ಮಳೆಮಾಪಕ, ಒಂದು ದಿನ, ಒಂದು ಸಾಲು. ಪುಸ್ತಕದಲ್ಲಿರುವ ಹಾಗೆ ತಿಂಗಳನ್ನು ಅಡ್ಡಕ್ಕೆ, ದಿನವನ್ನು ಉದ್ದಕ್ಕೆ ಹಾಕಬೇಡಿ. ಈಗಾಗಲೇ ಹಾಗೆ ಹಾಕಿದ್ದರೆ ಎಕ್ಸೆಲ್‌ನೊಳಗೇ ಇರುವ ಪವರ್ ಕ್ವೆರಿಯ ಅನ್‌ಪಿವಟ್ ಒತ್ತಿದರೆ ಉದ್ದದ ಪಟ್ಟಿಯಾಗುತ್ತದೆ.

ಮುಖ್ಯ ತೊಂದರೆ ಇಂಚು–ಸೆಂಟಿನದು (ಮಳೆ ಲೆಕ್ಕದಲ್ಲಿ ಸೆಂಟು ಅಂದರೆ ಇಂಚಿನ ನೂರನೇ ಒಂದು ಪಾಲು). ನಮ್ಮ ಕಡೆ 1 ಇಂಚು 5 ಸೆಂಟನ್ನು ಒಬ್ಬರು 1.05 ಅಂತ ಬರೆದರೆ ಇನ್ನೊಬ್ಬರು 1.5 ಅಂತ ಬರೆದಿರುತ್ತಾರೆ. 1.05 ಇಂಚು ಅಂದರೆ 26.67 ಮಿ.ಮೀ., 1.5 ಇಂಚು ಅಂದರೆ 38.1 ಮಿ.ಮೀ. ಒಂದೇ ದಿನಕ್ಕೆ 11 ಮಿ.ಮೀ. ವ್ಯತ್ಯಾಸ. ಆದ್ದರಿಂದ ಇಂಚಿಗೆ ಒಂದು ಕಾಲಂ, ಸೆಂಟಿಗೆ ಇನ್ನೊಂದು, ಮಿ.ಮೀ.ಗೆ ಮೂರನೆಯದು. ಇಂಚಿಗೆ ಸೆಂಟಿನ ನೂರನೇ ಒಂದು ಪಾಲು ಸೇರಿಸಿ 25.4ರಿಂದ ಗುಣಿಸಿ. ಅನುಮಾನ ಬಂದ ಸಾಲಿಗೆ ಗುರುತು ಹಾಕಲು ಇನ್ನೊಂದು ಕಾಲಂ ಇರಲಿ. ಆ ತಿಂಗಳ ಕೊನೆಯಲ್ಲಿ ಹಳೆಯ ರೈಟರು ಹಾಕಿದ ಒಟ್ಟು ಮೊತ್ತದ ಜೊತೆ ತಾಳೆ ನೋಡಿದರೆ ಯಾವುದು ಸರಿ ಅಂತ ಬಹುತೇಕ ಸಿಕ್ಕಿಬಿಡುತ್ತದೆ.

ಖಾಲಿ ಮನೆ ಮತ್ತು ಸೊನ್ನೆ ಬೇರೆ ಬೇರೆ. ಜೂನ್‌ನಲ್ಲಿ 24 ದಿನಕ್ಕೆ ಅಂಕಿ ಇದೆ, ಒಟ್ಟು 600 ಮಿ.ಮೀ., 6 ದಿನ ಖಾಲಿ ಅಂತ ಇಟ್ಟುಕೊಳ್ಳಿ. ಆವರೇಜ್ ಫಂಕ್ಷನ್ ಖಾಲಿಯನ್ನು ಬಿಟ್ಟು 25 ಅನ್ನುತ್ತದೆ. ಆ 6 ದಿನ ನಿಜವಾಗಿಯೂ ಮಳೆ ಇರಲಿಲ್ಲ ಅಂದರೆ ಸರಿಯಾದ ಉತ್ತರ 20. ಭಾನುವಾರ ಅಳೆಯದೆ ಸೋಮವಾರ ಎರಡು ದಿನದ್ದು ಒಟ್ಟಿಗೆ ಬರೆದಿದ್ದರೆ ತಿಂಗಳ ಮೊತ್ತ ಸರಿ ಇರುತ್ತದೆ, ಆದರೆ ಭಾರಿ ಮಳೆಯ ದಿನಗಳ ಲೆಕ್ಕ ಕೆಡುತ್ತದೆ. ವಾರದ ದಿನದ ಪ್ರಕಾರ ಸರಾಸರಿ ತೆಗೆದು ನೋಡಿ. ಸೋಮವಾರ ಮಾತ್ರ ಎದ್ದು ಕಂಡರೆ ಅದು ಮೋಡದ ಕೆಲಸವಲ್ಲ, ರಜೆಯ ಕೆಲಸ.

ಹವಾಮಾನ ಇಲಾಖೆಯ ಮಳೆ ದಿನ ಬೆಳಿಗ್ಗೆ 8.30ರಿಂದ ಮರುದಿನ 8.30ರ ತನಕ. ಅಂದರೆ ಇವತ್ತಿನ ತಾರೀಕಿನ ಅಂಕಿಯಲ್ಲಿ ಹೆಚ್ಚಿನದು ನಿನ್ನೆ ಸುರಿದ ಮಳೆ. ನಿಮ್ಮ ಪುಸ್ತಕದಲ್ಲಿ ಸಂಜೆ ಅಳೆಯುವ ರೂಢಿ ಇದ್ದರೆ ಸರ್ಕಾರಿ ಅಂಕಿಯ ಜೊತೆ ಹೋಲಿಸುವಾಗ ಒಂದು ದಿನ ಜಾರುತ್ತದೆ. 2.5 ಮಿ.ಮೀ. ದಾಟಿದರೆ ಮಳೆ ದಿನ, ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ 10 ಸೆಂಟು. 64.5 ಮಿ.ಮೀ. ದಾಟಿದರೆ ಭಾರಿ ಮಳೆ, 204.4 ದಾಟಿದರೆ ಅತ್ಯಂತ ಭಾರಿ.

ಕೊನೆಗೊಂದು. ವಿಡಿಯೋಗಳಲ್ಲಿ ಹೇಳಿಕೊಡುವ ಹಾಗೆ 'ಔಟ್‌ಲೈಯರ್' (ಉಳಿದವಕ್ಕಿಂತ ತೀರಾ ದೂರ ಇರುವ ಅಂಕಿ) ಅಂತ ಕಂಡದ್ದನ್ನೆಲ್ಲ ಅಳಿಸಬೇಡಿ. ಆ ಸೂತ್ರ ಹಾಕಿದರೆ ಭಾರಿ ಮಳೆ, ಭೂಕುಸಿತದ 2018ರ ಆಗಸ್ಟ್ ಪೂರ್ತಿ ಹಾರಿಹೋಗುತ್ತದೆ. ಕೊಡಗಿನ ಮಳೆ ಡೇಟಾದಲ್ಲಿ ಅದನ್ನು ಅಳಿಸಿದರೆ ಉಳಿಯುವುದೇನು?

ಗೋಣಿಕೊಪ್ಪ_ಗ್ರೂಪ್‌ಬೈ:

ಎಸ್‌ಕ್ಯೂಎಲ್ ಮೊದಲು. ಶುರುವಿನ ಹಂತದ ಇಂಟರ್‌ವ್ಯೂನಲ್ಲಿ ಎದುರಿಗೆ ಕೂರಿಸಿ ಬರೆಸುವುದು ಅದನ್ನೇ.

ನೆಟ್ ಇಲ್ಲದೆಯೂ ಕಲಿಯಬಹುದು. 'ಡಿಬಿ ಬ್ರೌಸರ್ ಫಾರ್ ಎಸ್‌ಕ್ಯೂಲೈಟ್' ಒಮ್ಮೆ ಇಳಿಸಿಕೊಂಡರೆ ಸಾಕು, ಬೇರೆ ಸರ್ವರ್ ಬೇಡ, 8 ಜಿಬಿ ಧಾರಾಳ. ಎಸ್‌ಕ್ಯೂಲೈಟ್‌ಗೆ ದಿನಾಂಕ ಅಂತ ಪ್ರತ್ಯೇಕ ಜಾತಿ ಇಲ್ಲ, ಅಕ್ಷರವಾಗಿಯೇ ಇಟ್ಟುಕೊಳ್ಳುತ್ತದೆ. 2024-03-09 ಹೀಗೆ ವರ್ಷ ಮೊದಲು ಬರೆಯದಿದ್ದರೆ ಸಾಲುಗಳ ಅನುಕ್ರಮವೇ ತಪ್ಪುತ್ತದೆ. ಎರಡು ತಿಂಗಳಾದ ಮೇಲೆ ಪೋಸ್ಟ್‌ಗ್ರೆಸ್ ಅನ್ನುವ ದೊಡ್ಡ ಡೇಟಾಬೇಸ್‌ಗೆ ಹೋಗಿ.

ಸೆಲೆಕ್ಟ್, ವೇರ್, ಗ್ರೂಪ್ ಬೈ ಎರಡು ವಾರದಲ್ಲಿ ಬರುತ್ತದೆ, ಅದರ ಬಗ್ಗೆ ಹೇಳುವುದೇನಿಲ್ಲ. ಜನ ಎಡವುವುದು ಜಾಯಿನ್‌ನಲ್ಲಿ, ಅಂದರೆ ಎರಡು ಟೇಬಲ್ ಜೋಡಿಸುವುದರಲ್ಲಿ. ನಿಮ್ಮ ತೋಟದ್ದೇ ಉದಾಹರಣೆ: ಕುಯ್ಲಿನ ಟೇಬಲ್‌ನಲ್ಲಿ ಒಂದು ಬ್ಲಾಕಿಗೆ 12 ಸಾಲು, ಗೊಬ್ಬರದ ಟೇಬಲ್‌ನಲ್ಲಿ ಅದೇ ಬ್ಲಾಕಿಗೆ 3 ಸಾಲು. ಬ್ಲಾಕ್ ಹೆಸರಿನ ಮೇಲೆ ಜಾಯಿನ್ ಮಾಡಿದರೆ 36 ಸಾಲು ಬರುತ್ತದೆ. ಕೂಡಿಸಿದರೆ ಕಾಫಿ ಮೂರು ಪಟ್ಟು, ಗೊಬ್ಬರದ ಖರ್ಚು ಹನ್ನೆರಡು ಪಟ್ಟು! ಯಾವ ಎರರ್ ಸಂದೇಶವೂ ಬರುವುದಿಲ್ಲ, ಅದೇ ಅಪಾಯ. ಎರಡನ್ನೂ ಬೇರೆ ಬೇರೆಯಾಗಿ ಬ್ಲಾಕ್‌ಗೆ ಒಂದು ಸಾಲಿನಂತೆ ಕೂಡಿಸಿಕೊಂಡು ಆಮೇಲೆ ಜಾಯಿನ್ ಮಾಡಬೇಕು. ಪ್ರತಿ ಜಾಯಿನ್‌ಗೆ ಮೊದಲು ಮತ್ತು ಆಮೇಲೆ ಸಾಲು ಎಣಿಸುವುದನ್ನು ಕೈಯ ಅಭ್ಯಾಸ ಮಾಡಿಕೊಳ್ಳಿ.

ಲೆಫ್ಟ್ ಜಾಯಿನ್ (ಎಡಗಡೆ ಟೇಬಲ್‌ನ ಎಲ್ಲ ಸಾಲು ಉಳಿಸುವುದು) ಮಾಡಿ ಬಲಗಡೆ ಟೇಬಲ್‌ನ ಷರತ್ತನ್ನು ವೇರ್‌ನಲ್ಲಿ ಹಾಕಿದರೆ ಹೊಂದಿಕೆ ಸಿಗದ ಸಾಲುಗಳೆಲ್ಲ ಬಿದ್ದುಹೋಗಿ ಅದು ಇನ್ನರ್ ಜಾಯಿನ್ (ಎರಡೂ ಕಡೆ ಹೊಂದಿದ ಸಾಲು ಮಾತ್ರ) ಆದಂತೆಯೇ. ಆ ಷರತ್ತು ಆನ್ ಭಾಗದಲ್ಲಿರಬೇಕು. ಹಾಗೆಯೇ ನಾಟ್ ಇನ್ ಒಳಗಿನ ಪಟ್ಟಿಯಲ್ಲಿ ಒಂದೇ ಒಂದು ನಲ್ (ಖಾಲಿ ಮನೆ) ಇದ್ದರೂ ಉತ್ತರ ಖಾಲಿ ಬರುತ್ತದೆ. ಅಲ್ಲಿ ನಾಟ್ ಎಕ್ಸಿಸ್ಟ್ಸ್ ಬಳಸಿ.

ಸರಾಸರಿಗಳ ಸರಾಸರಿ ತೆಗೆಯಬೇಡಿ. 2 ಎಕರೆ ಬ್ಲಾಕಿನಲ್ಲಿ ಎಕರೆಗೆ 1000 ಕೆ.ಜಿ., 20 ಎಕರೆ ಬ್ಲಾಕಿನಲ್ಲಿ 600 ಕೆ.ಜಿ. ಅಂದರೆ ತೋಟದ ಇಳುವರಿ 800 ಅಲ್ಲ. 14,000 ಕೆ.ಜಿ.ಯನ್ನು 22 ಎಕರೆಗೆ ಭಾಗಿಸಿ, 636.

ಎಕರೆಯ ವಿಷಯ ಬಂತಲ್ಲ, ಪಿರಿಯಾಪಟ್ಟಣದ ಕಡೆ ಜಮೀನೂ ಅದೇ ಪಟ್ಟಿಯಲ್ಲಿದ್ದರೆ ಹುಷಾರು. ನಮ್ಮಲ್ಲಿ 2.20 ಅಂದರೆ 2 ಎಕರೆ 20 ಸೆಂಟು (ಇಲ್ಲಿ ಸೆಂಟು ಎಕರೆಯ ನೂರನೇ ಒಂದು ಪಾಲು). ಅಲ್ಲಿ 2 ಎಕರೆ 20 ಗುಂಟೆ, 40 ಗುಂಟೆಗೆ ಎಕರೆಯಾದ್ದರಿಂದ ಎರಡೂವರೆ ಎಕರೆ.

ಬಿಟ್ಟಂಗಾಲ_ಬಿಟ್ಸ್:

ಮೇಲಿನವರ ಮಾತಿಗೆ ಅರ್ಧ ಒಪ್ಪಿಗೆ. ಎಸ್‌ಕ್ಯೂಎಲ್ ಮೊದಲು ಸರಿ, ಆದರೆ ಪೈಥಾನನ್ನು ಆರು ತಿಂಗಳು ಮುಂದೆ ತಳ್ಳಬೇಡಿ. 20 ವರ್ಷದ 20 ಫೈಲು ಒಂದೇ ಸಲ ಓದಿಸಿ ಜೋಡಿಸುವಾಗ ಪೈಥಾನ್‌ನ ಪಾಂಡಾಸ್ ಲೈಬ್ರರಿಯಲ್ಲಿ ಹತ್ತು ಸಾಲು ಸಾಕು. ಹಾಂ, ಪವರ್ ಕ್ವೆರಿಯ 'ಫ್ರಮ್ ಫೋಲ್ಡರ್' ಕೂಡ ಅದನ್ನೇ ಮಾಡುತ್ತದೆ, ಜಗಳ ಬೇಡ.

ನಾನು ಹೇಳಬೇಕೆಂದಿದ್ದದ್ದು ಕನ್ನಡ ಅಕ್ಷರದ ಬಗ್ಗೆ. ಹಳೆಯ ನುಡಿ, ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲಿನಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಸಂಕೇತಗಳು. ಫಾಂಟ್ ಬದಲಿಸಿದ ಕೂಡಲೇ ಅರ್ಥವಿಲ್ಲದ ಗೀಚು. ಅದನ್ನು ಮೊದಲು ಯುನಿಕೋಡ್‌ಗೆ ಪರಿವರ್ತಿಸಿ, ಆಮೇಲೆಯೇ ಹುಡುಕುವುದು, ವಿಂಗಡಿಸುವುದು. ಯುನಿಕೋಡ್ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಟ್ಟಿ) ಫೈಲನ್ನು ಎಕ್ಸೆಲ್‌ನಲ್ಲಿ ನೇರ ಡಬಲ್ ಕ್ಲಿಕ್ ಮಾಡಿದರೆ ಎಷ್ಟೋ ಸಲ ಅಕ್ಷರ ಕೆಡುತ್ತದೆ. ಡೇಟಾ ಮೆನುವಿನಿಂದ ಟೆಕ್ಸ್ಟ್ ಅಥವಾ ಸಿಎಸ್‌ವಿ ಆಯ್ದು, 65001 ಯುಟಿಎಫ್-8 ಅಂತ ಕೊಟ್ಟು ತೆರೆಯಿರಿ. ವಿರಾಜಪೇಟೆ, ವೀರಾಜಪೇಟೆ, ವಿ.ಪೇಟೆ ಮೂರೂ ಕಂಪ್ಯೂಟರಿಗೆ ಮೂರು ಊರು. ಬದಲಿಸುವ ಪಟ್ಟಿ ಒಂದನ್ನು ಪ್ರತ್ಯೇಕ ಟೇಬಲ್ ಮಾಡಿ ಇಟ್ಟುಕೊಳ್ಳಿ, ಫೈಲಿನೊಳಗೆ ಕೈಯಿಂದ ತಿದ್ದಬೇಡಿ.

ದಿನಾಂಕದ ಕಾಲಂನಲ್ಲಿ ಅರ್ಧ ಎಡಕ್ಕೆ, ಅರ್ಧ ಬಲಕ್ಕೆ ಅಂಟಿಕೊಂಡಿದ್ದರೆ ವಿಂಡೋಸ್ ಅಮೆರಿಕದ ಕ್ರಮದಲ್ಲಿದೆ ಅಂತ ಅರ್ಥ. 13/04 ಅದಕ್ಕೆ ಅರ್ಥವಾಗದೆ ಅಕ್ಷರವಾಗಿ ಉಳಿಯಿತು, 03/04 ಸದ್ದಿಲ್ಲದೆ ಮಾರ್ಚ್ 4 ಆಯಿತು. ಎರಡನೆಯದೇ ಕೆಟ್ಟದ್ದು. ಪವರ್ ಕ್ವೆರಿಯಲ್ಲಿ 'ಯೂಸಿಂಗ್ ಲೋಕೇಲ್' ಆಯ್ದು ಇಂಗ್ಲಿಷ್ ಇಂಡಿಯಾ ಕೊಡಿ.

ಕಾಫಿ ವರ್ಷ ಅಕ್ಟೋಬರ್ 1ರಿಂದ ಸೆಪ್ಟೆಂಬರ್ 30. ಎಕ್ಸೆಲ್‌ನಲ್ಲಿ ಇಡೇಟ್‌ನಿಂದ 3 ತಿಂಗಳು ಕೂಡಿಸಿ ಇಯರ್ ತೆಗೆದರೆ 2023ರ ನವೆಂಬರ್ 2024 ಆಗುತ್ತದೆ, ಅಂದರೆ 2023–24ರ ಬೆಳೆ. ಆದರೆ ಇದೇ ಸೂತ್ರವನ್ನು ಹೂಮಳೆಗೆ (ಕಾಫಿ ಹೂ ಅರಳಿಸುವ ಮಳೆ) ಹಾಕಿದರೆ ತಪ್ಪು. 2023ರ ಮಾರ್ಚಿನ ಹೂಮಳೆಗೆ ಕಟ್ಟಿದ ಕಾಯಿ ಕುಯ್ಲಿಗೆ ಬರುವುದು ಆ ವರ್ಷದ ಕೊನೆಯಲ್ಲಿ, ಅದು 2023–24ರ ಬೆಳೆ. ಸೂತ್ರ ಅದನ್ನು 2022–23ಕ್ಕೆ ಕಟ್ಟಿಹಾಕುತ್ತದೆ. ಹೂಮಳೆ, ಅದರ ಬೆನ್ನಿಗೆ ಬರುವ ಬ್ಯಾಕಿಂಗ್ ಮಳೆಗೆ ಒಂದು ವರ್ಷ ಮುಂದಕ್ಕೆ ಸರಿಸಿ.

ಮಳೆಗೂ ಫಸಲಿಗೂ ನಂಟು ತೋರಿಸುವಾಗ ಮಷೀನ್ ಲರ್ನಿಂಗ್ ಬೇಡವೇ ಬೇಡ. 20 ವರ್ಷ ಅಂದರೆ 20 ಚುಕ್ಕಿ. ಅರೇಬಿಕಾ ಒಂದು ವರ್ಷ ಹೆಚ್ಚು ಕೊಟ್ಟು ಮರುವರ್ಷ ಸೋಲುತ್ತದೆ, ಆ ಏರಿಳಿತವೇ ಮಳೆಯ ಪರಿಣಾಮದಂತೆ ಕಾಣಿಸಬಹುದು. ರೊಬಸ್ಟಾ ಪ್ರತ್ಯೇಕವಾಗಿ ಒಂದು ಸ್ಕ್ಯಾಟರ್ ಚಾರ್ಟ್ ಹಾಕಿ, 'ಇಷ್ಟರಿಂದ ಇದನ್ನು ಮಾತ್ರ ಹೇಳಬಹುದು' ಅಂತ ಎರಡು ಸಾಲು ಬರೆಯಿರಿ. ಶೇ. 95 ನಿಖರತೆ ಅಂತ ಬರೆದವರಿಗಿಂತ ಇಂಥವರ ಮೇಲೆ ನಂಬಿಕೆ ಹೆಚ್ಚು.

ಚೆಕ್‌ರೋಲ್_ಸಿದ್ದಾಪುರ:

ಇಂಚು–ಸೆಂಟಿನದು ನೋಡಿದೆ, ಎರಡೂ ಥರ ಬರೆದಿದ್ದಾರೆ. ಕೋರ್ಸಿನ ವಿಷಯ, ಯಾವ ಹೆಸರಿನ ಹುದ್ದೆಗೆ ಅರ್ಜಿ ಹಾಕಬೇಕು ಅಂತಲೂ ಯಾರಾದರೂ ಹೇಳಿ. ಪವರ್ ಬಿಐಗೆ (ಮೈಕ್ರೋಸಾಫ್ಟ್‌ನ ಚಾರ್ಟು, ವರದಿ ಮಾಡುವ ಸಾಫ್ಟ್‌ವೇರ್) ಜಿಮೇಲ್ ಹಾಕಿದರೆ ತೆಗೆದುಕೊಳ್ಳುತ್ತಿಲ್ಲ.

ಕುಶಾಲನಗರ_ಕ್ಯೂರಿಂಗ್:

ಜಿಮೇಲ್ ನಡೆಯುವುದಿಲ್ಲ, ಕಾಲೇಜು ಅಥವಾ ಕಂಪನಿಯ ವಿಳಾಸವೇ ಬೇಕು. ಆದರೆ ಡೆಸ್ಕ್‌ಟಾಪ್ ಆವೃತ್ತಿಗೆ ಲಾಗಿನ್ ಬೇಡ, ಪುಕ್ಕಟೆ. ಅದರಲ್ಲೇ ಮಾಡಿ, ಫೈಲು ಮತ್ತು ಪಿಡಿಎಫ್ ಎರಡನ್ನೂ ಗಿಟ್‌ಹಬ್ ಸೈಟಿಗೆ ಹಾಕಿ. ಇಂಥದ್ದೇ ಇನ್ನೊಂದು ಚಾರ್ಟ್ ಸಾಧನ ಟ್ಯಾಬ್ಲೋ ಪಬ್ಲಿಕ್‌ನಲ್ಲಿ ಹಾಕಿದ್ದು ಲೋಕಕ್ಕೆಲ್ಲ ಕಾಣುತ್ತದೆ, ನೆನಪಿರಲಿ. ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ. ಚೆಕ್‌ರೋಲಿನ ಆಳುಗಳ ಹೆಸರು, ಆಧಾರ್, ಬ್ಯಾಂಕ್ ನಂಬರು ಯಾವುದೂ ಹೊರಗೆ ಹೋಗಬಾರದು. ತೋಟದ ಹೆಸರನ್ನೂ ತೆಗೆದುಬಿಡಿ.

80 ಸಾವಿರದ ಕೋರ್ಸಿನವರಿಗೆ ಮೂರು ಪ್ರಶ್ನೆ ಕೇಳಿ: ಎಸ್‌ಕ್ಯೂಎಲ್‌ಗೆ ಎಷ್ಟು ಗಂಟೆ, ನಾನು ಬರೆದದ್ದನ್ನು ಯಾರು ತಿದ್ದುತ್ತಾರೆ, 'ನೂರಕ್ಕೆ ನೂರು ಪ್ಲೇಸ್‌ಮೆಂಟ್' ಅನ್ನುವುದು ಕರಾರಿನಲ್ಲಿ ಇದೆಯಾ. ಮೂರನೆಯದಕ್ಕೆ ಸಾಮಾನ್ಯವಾಗಿ ಮಾತು ಬದಲಾಗುತ್ತದೆ. ಎನ್‌ಪಿಟಿಇಎಲ್ (ಐಐಟಿಗಳ ಆನ್‌ಲೈನ್ ಪಾಠ ಯೋಜನೆ) ಪಾಠಗಳು ಉಚಿತ, ಪ್ರಮಾಣಪತ್ರ ಬೇಕಿದ್ದರೆ ಮಾತ್ರ ಪರೀಕ್ಷೆ ಶುಲ್ಕ. ಪವರ್ ಬಿಐ ಕುರಿತ ಮೈಕ್ರೋಸಾಫ್ಟ್‌ನ ಪಿಎಲ್-300 ಪರೀಕ್ಷೆಯ ಓದುವ ಸಾಮಗ್ರಿಯೂ ಪುಕ್ಕಟೆ. ನಿಮಗೆ ಬೇಕಾದ್ದು ತಿದ್ದುವವರು, ವಿಡಿಯೋ ಅಲ್ಲ.

ಬರೀ 'ಡೇಟಾ ಅನಲಿಸ್ಟ್' ಅಂತ ಹುಡುಕಬೇಡಿ. ಎಂಐಎಸ್ ಎಕ್ಸಿಕ್ಯೂಟಿವ್ (ಆಡಳಿತಕ್ಕೆ ವರದಿ ತಯಾರಿಸುವವರು), ರಿಪೋರ್ಟಿಂಗ್ ಅನಲಿಸ್ಟ್, ಆಪರೇಷನ್ಸ್ ಅನಲಿಸ್ಟ್ ಹುದ್ದೆಗಳಲ್ಲಿ ಬಿ.ಕಾಂ. ಮತ್ತು ಟ್ಯಾಲಿಗೆ ಬೆಲೆ ಇದೆ. ಸಿವಿಯಲ್ಲಿ 'ಎಕ್ಸೆಲ್ ಗೊತ್ತು' ಅನ್ನುವ ಬದಲು '20 ವರ್ಷದ ಕೈಬರಹದ ಮಳೆ ದಾಖಲೆ, ಸುಮಾರು 7,300 ಸಾಲು, ಎರಡು ಅಳತೆ ಕ್ರಮ ಒಂದುಗೂಡಿಸಿ ತಿಂಗಳ ಮೊತ್ತದ ಜೊತೆ ತಾಳೆ ನೋಡಲಾಗಿದೆ' ಅಂತ ಬರೆಯಿರಿ. ತಾಳೆಯಾಗದ ತಿಂಗಳು ಎಷ್ಟು ಅಂತಲೂ ಬರೆಯಿರಿ.

ಇಂಟರ್‌ವ್ಯೂನಲ್ಲಿ 'ಆದಾಯ ಕಡಿಮೆಯಾಗಿದೆ, ಯಾಕೆ ಅಂತ ಹುಡುಕಿ' ಅನ್ನುವ ಪ್ರಶ್ನೆ ಬರುತ್ತದೆ. ಕಾರಣ ಊಹಿಸಲು ಹೋಗಬೇಡಿ. ಕೊನೆಯ ತಿಂಗಳ ಡೇಟಾ ಪೂರ್ತಿ ಬಂದಿದೆಯಾ, ಲೆಕ್ಕದ ವ್ಯಾಖ್ಯೆ ಬದಲಾಗಿದೆಯಾ, ಇವೆರಡು ಮೊದಲು. ಆಮೇಲೆ ಒಡೆಯುವುದು. ನಿಮಗೆ ಇದು ಹೊಸದೇನಲ್ಲ: ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಹಣ ಅಂದರೆ ಮೂಟೆ ಗುಣಿಸು ಔಟ್‌ಟರ್ನ್ (ಒಂದು ಮೂಟೆಯಿಂದ ಸಿಗುವ ಬೀಜದ ಕೆ.ಜಿ.) ಗುಣಿಸು ದರ. ಸುಮ್ಮನೆ ಲೆಕ್ಕಕ್ಕೆ, 50 ಕೆ.ಜಿ. ಮೂಟೆಗೆ 26 ಔಟ್‌ಟರ್ನ್, 400 ರೂಪಾಯಿ ದರ ಅಂದರೆ 10,400. ಇನ್ನೊಂದು ಕಡೆ 28 ಔಟ್‌ಟರ್ನ್, 375 ರೂಪಾಯಿ ಅಂದರೆ 10,500. ಮೂಟೆಯ ಬೆಲೆ ಮಾತ್ರ ನೋಡಿದವರಿಗೆ ಎರಡನೆಯ ವ್ಯಾಪಾರಿ ಒಳ್ಳೆಯ ದರ ಕೊಟ್ಟಂತೆ ಕಾಣುತ್ತದೆ. ನಿಜದಲ್ಲಿ ದರ ಕಡಿಮೆ, ಕಾಯಿ ಒಳ್ಳೆಯದು. ಕಂಪನಿಗಳಲ್ಲಿ ಇದನ್ನೇ ಪ್ರೈಸ್, ವಾಲ್ಯೂಮ್, ಮಿಕ್ಸ್ ಅಂತ ಕರೆಯುತ್ತಾರೆ.

ದಿನಕ್ಕೆ ಒಂದೂವರೆ ಗಂಟೆ ಕೂತರೆ ಪವರ್ ಕ್ವೆರಿಗೆ ಮೂರು ವಾರ, ಎಸ್‌ಕ್ಯೂಎಲ್‌ಗೆ ಎಂಟರಿಂದ ಹತ್ತು ವಾರ, ಪವರ್ ಬಿಐಗೆ ಐದು ವಾರ. ಕುಯ್ಲಿನ ಸಮಯದಲ್ಲಿ ಇದು ನಡೆಯುವುದಿಲ್ಲ, ಮಾರ್ಚ್‌ನಿಂದ ಶುರು ಮಾಡಿ. ಪವರ್ ಬಿಐನಲ್ಲಿ ಮೊದಲ ದಿನವೇ ಪ್ರತ್ಯೇಕ ದಿನಾಂಕದ ಟೇಬಲ್ ಮಾಡಿ. ಟೋಟಲ್‌ವೈಟಿಡಿಗೆ (ವರ್ಷದ ಶುರುವಿನಿಂದ ಆ ದಿನದ ತನಕದ ಮೊತ್ತ ಕೊಡುವ ಫಂಕ್ಷನ್) ವರ್ಷ ಮುಗಿಯುವ ದಿನ ಸೆಪ್ಟೆಂಬರ್ 30 ಅಂತ ಕೊಡದಿದ್ದರೆ ಜನವರಿ 1ಕ್ಕೆ, ಕುಯ್ಲಿನ ನಡುವೆ, ಲೆಕ್ಕ ಸೊನ್ನೆಯಿಂದ ಶುರುವಾಗುತ್ತದೆ.

ಮಳೆಕೋಲು:

ಒಂದು ಸೇರಿಸುತ್ತೇನೆ. ಆಫೀಸಿನ ಎಕ್ಸೆಲ್ 2019 ಅಥವಾ ಹಳೆಯದಾದರೆ ಎಕ್ಸ್‌ಲುಕಪ್ ಇರುವುದಿಲ್ಲ, ಇಂಡೆಕ್ಸ್–ಮ್ಯಾಚ್ ಕಲಿತಿರಿ. ವಿಲುಕಪ್‌ನಲ್ಲಿ ಕೊನೆಯ ಜಾಗ ಖಾಲಿ ಬಿಟ್ಟರೆ ಅಂದಾಜು ಹೊಂದಿಕೆ ಹುಡುಕುತ್ತದೆ, ಸೊನ್ನೆ ಅಥವಾ ಫಾಲ್ಸ್ ಹಾಕಲೇಬೇಕು. ಪುಸ್ತಕದ ಪುಟಗಳ ಫೋಟೋ ತೆಗೆದು ವರ್ಷದ ಹೆಸರಿನ ಫೋಲ್ಡರಿನಲ್ಲಿಡಿ, ಟೈಪ್ ಮಾಡಿದ ಸಾಲಿಗೆ ಪುಟದ ಸಂಖ್ಯೆ ಹಾಕಿ. ಆಟಿ ಮಳೆಯಲ್ಲಿ ಬೀರುವಿನಲ್ಲಿಟ್ಟ ಪುಸ್ತಕಕ್ಕೂ ಬೂಸ್ಟು ಹಿಡಿಯುತ್ತದೆ.