'ಗ್ರೌಂಡ್ ಟ್ರೂತ್'ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಉಡುಪಿಯ ಕೆಲವು ಸಹಕಾರಿ ಸಂಘಗಳ ಸಿಬ್ಬಂದಿಗಾಗಿ ಕಂಪ್ಯೂಟರ್ ಭದ್ರತೆಯ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ವೈರಸ್ ಹಿಡಿಯುವ, ದಾಳಿ ಪತ್ತೆ ಮಾಡುವ ಸಾಫ್ಟ್‌ವೇರ್‌ಗಳನ್ನು ಕೊಳ್ಳುವ ಮೊದಲು ಪರೀಕ್ಷಿಸುವುದು ಹೇಗೆ ಎಂಬ ಅಧ್ಯಾಯದಲ್ಲಿ 'ಗ್ರೌಂಡ್ ಟ್ರೂತ್' ಮತ್ತೆ ಮತ್ತೆ ಬರುತ್ತದೆ. ಅದಕ್ಕೊಂದು ಒಪ್ಪುವ ಪದ ಬೇಕು.

ಪರೀಕ್ಷೆಗೆ ಇಟ್ಟ ಫೈಲುಗಳಲ್ಲಿ ಯಾವುದು ನಿಜಕ್ಕೂ ವೈರಸ್, ಯಾವುದು ಅಲ್ಲ ಎಂಬುದು ಸಾಫ್ಟ್‌ವೇರ್ ಬಾಯಿ ಬಿಡುವ ಮೊದಲೇ, ಬೇರೆ ದಾರಿಯಿಂದ, ನಮಗೆ ಖಚಿತವಾಗಿ ಗೊತ್ತಿರಬೇಕು. ಹೀಗೆ ಮೊದಲೇ ಗೊತ್ತಿರುವ ಸರಿಯುತ್ತರವೇ 'ಗ್ರೌಂಡ್ ಟ್ರೂತ್'. ಇಲ್ಲದಿದ್ದರೆ ಎಷ್ಟು ಹಿಡಿಯಿತು, ಎಷ್ಟು ಬಿಟ್ಟಿತು, ಎಷ್ಟು ಸಲ ಸುಮ್ನೆ ಕೂಗಿಕೊಂಡಿತು ಎಂದು ಲೆಕ್ಕ ಹಾಕುವುದೇ ಆಗುವುದಿಲ್ಲ. ಉಪಗ್ರಹ ಚಿತ್ರ ನೋಡುವವರೂ ಇದೇ ಮಾತು ಬಳಸುತ್ತಾರೆ. ಮೇಲಿನಿಂದ ಹಸಿರಾಗಿ ಕಂಡದ್ದು ಅಡಿಕೆ ತೋಟವೋ ಹಾಡಿಯೋ ಎಂದು ಆ ಜಾಗಕ್ಕೇ ಹೋಗಿ ನೋಡಿ ಬರುವುದು.

'ನೆಲದ ಸತ್ಯ' ಅಂದರೆ ಜಮೀನಿನ ತಕರಾರು ನೆನಪಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, 'ಸತ್ಯ' ತೀರಾ ದೊಡ್ಡ ಮಾತು. ಒಂದು ಫೈಲನ್ನು ಹಲವು ಆಂಟಿವೈರಸ್‌ಗಳಿಗೆ ತೋರಿಸಿ, ಜಾಸ್ತಿ ಮತ ಬಿದ್ದ ಕಡೆ ಗುರುತು ಹಾಕಿಬಿಡುವ ರೂಢಿ ಇದೆ. ಆಮೇಲೆ ಆ ಗುರುತನ್ನೇ ಇಟ್ಟುಕೊಂಡು ಅದೇ ಆಂಟಿವೈರಸ್‌ಗಳಿಗೆ ಅಂಕ ಕೊಟ್ಟರೆ ಅದು ಪರೀಕ್ಷೆ ಹೇಗಾಗುತ್ತದೆ? ಎಲ್ಲವೂ ಒಟ್ಟಿಗೆ ಬಿಟ್ಟುಬಿಟ್ಟ ಹೊಸ ವೈರಸ್ ಅಲ್ಲಿ ಒಳ್ಳೆಯ ಫೈಲ್ ಎಂದೇ ದಾಖಲಾಗಿರುತ್ತದೆ.

ಇನ್ನು, ಗುರುತು ಸರಿ ಇದ್ದ ಮಾತ್ರಕ್ಕೆ ಮುಗಿಯಲಿಲ್ಲ. ಅಮೆರಿಕದ ಎಂಐಟಿ ಲಿಂಕನ್ ಪ್ರಯೋಗಾಲಯ 1998 ಮತ್ತು 1999ರಲ್ಲಿ ಅಲ್ಲಿನ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾಗಾಗಿ ದಾಳಿ ಪತ್ತೆ ಮಾಡುವ ಸಾಫ್ಟ್‌ವೇರ್‌ಗಳ ಪರೀಕ್ಷೆ ನಡೆಸಿತು. ಕೃತಕ ನೆಟ್‌ವರ್ಕ್ ಕಟ್ಟಿ, ದಾಳಿಗಳನ್ನು ತಾವೇ ಮಾಡಿ, ಎಲ್ಲವನ್ನೂ ದಾಖಲಿಸಿದರು. ದಾಳಿ ಯಾವುದು ಎಂದು ಅವರಿಗೆ ಗೊತ್ತೇ ಇತ್ತು. ಆದರೆ 1999ರ ದಾಖಲೆಯನ್ನು ಕೆದಕಿ ನೋಡಿದ ಮಹೋನಿ ಮತ್ತು ಚಾನ್ ಎಂಬ ಸಂಶೋಧಕರು 2003ರಲ್ಲಿ ಒಂದು ವಿಷಯ ತೋರಿಸಿದರು. ನೆಟ್‌ವರ್ಕ್‌ನಲ್ಲಿ ಹೋಗುವ ಪ್ರತಿ ಪ್ಯಾಕೆಟ್‌ನಲ್ಲೂ, ಅಂದರೆ ಮಾಹಿತಿಯ ತುಣುಕಿನಲ್ಲೂ, ಟಿಟಿಎಲ್ ಎಂಬ ಸಂಖ್ಯೆ ಇರುತ್ತದೆ, ಒಂದೊಂದು ರೌಟರ್ ದಾಟಿದಾಗಲೂ ಅದು ಒಂದು ಕಡಿಮೆಯಾಗುತ್ತದೆ. ಆ ದಾಖಲೆಯಲ್ಲಿ 126 ಮತ್ತು 253 ಎಂಬ ಟಿಟಿಎಲ್ ಸಂಖ್ಯೆಗಳು ದಾಳಿಯ ಪ್ಯಾಕೆಟ್‌ಗಳಲ್ಲಿ ಮಾತ್ರ ಇದ್ದವು. ಉಳಿದ ಸಂಚಾರದಲ್ಲಿ ಹೆಚ್ಚಿನಂಶ 127 ಅಥವಾ 254. ದಾಳಿ ಅಂದರೇನು ಎಂದೇ ತಿಳಿಯದ ಸಾಫ್ಟ್‌ವೇರ್ ಕೂಡ ಈ ಅಂಕಿ ನೋಡಿಯೇ ಅಂಕ ಗಿಟ್ಟಿಸಬಹುದಿತ್ತು! ಹಾಗಾಗಿ ಗುರುತಿಗೆ ಒಂದು ಪದ, ನಂಬಬಹುದಾದ ಇಡೀ ದಾಖಲೆಗೆ ಇನ್ನೊಂದು ಪದ ಬೇಕೇ ಬೇಕು ಅನ್ನುವುದು ನನ್ನ ಅಭಿಪ್ರಾಯ.

ಮೊದಲನೆಯದಕ್ಕೆ ಸದ್ಯ 'ಖಚಿತ ಗುರುತು' ಎಂದು ಬರೆದಿದ್ದೇನೆ. ಎರಡನೆಯದಕ್ಕೆ 'ತಾಳೆಪಟ್ಟಿ' ಚೆನ್ನಾಗಿತ್ತು, ಆದರೆ ಸಹಕಾರಿ ಸಂಘದವರಿಗೆ ಅದು ಟ್ರಯಲ್ ಬ್ಯಾಲೆನ್ಸ್. 'ಒರೆಗಲ್ಲು' ಎಂದು ಸೂಚಿಸುವವರಿದ್ದಾರೆ. ಅಕ್ಕಸಾಲಿಗರು ಕಲ್ಲಿನ ಮೇಲೆ ನಮ್ಮ ಬಂಗಾರ ಉಜ್ಜಿ, ಪಕ್ಕದಲ್ಲೇ ಮಟ್ಟ ಗೊತ್ತಿರುವ ಬಂಗಾರದಿಂದ ಇನ್ನೊಂದು ಗೀಟು ಎಳೆದು ಹೋಲಿಸುತ್ತಾರೆ. ನಮಗೆ ಬೇಕಾದದ್ದು ಕಲ್ಲಿನ ಹೆಸರಲ್ಲ, ಆ ಮಟ್ಟ ಗೊತ್ತಿರುವ ಬಂಗಾರದ್ದು. ಉಡುಪಿ, ಮಂಗಳೂರು ಕಡೆಯ ಅಕ್ಕಸಾಲಿಗರ ಮಾತಿನಲ್ಲಿ ಅದಕ್ಕೆ ಏನನ್ನುತ್ತಾರೆ? ಕನ್ನಡದ್ದಾಗಲಿ, ತುಳು, ಕೊಂಕಣಿಯದ್ದಾಗಲಿ, ಗೊತ್ತಿದ್ದವರು ದಯವಿಟ್ಟು ತಿಳಿಸಿ.