ಮನೆತನದಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್: ಜೆನೆಟಿಕ್ ಕೌನ್ಸೆಲರ್ ಅವರೊಂದಿಗೆ ಪ್ರಶ್ನೋತ್ತರ

ಸದಸ್ಯೆ, 44 ವರ್ಷ: ನಮಸ್ಕಾರ ಮೇಡಂ. ನನ್ನ ತಂದೆಗೆ 52ನೇ ವಯಸ್ಸಿನಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಪತ್ತೆಯಾಗಿ, ಐದೇ ತಿಂಗಳಲ್ಲಿ ತೀರಿಕೊಂಡರು. ಈಗ ಚಿಕ್ಕಪ್ಪನಿಗೂ ಅದೇ ಬಂದಿದೆ, ಕೀಮೋ ನಡೆಯುತ್ತಿದೆ. ಸೋದರತ್ತೆಗೆ ಸ್ತನ ಕ್ಯಾನ್ಸರ್ ಆಗಿತ್ತು. ನಾನು ವಂಶವಾಹಿ ಪರೀಕ್ಷೆ ಮಾಡಿಸಬೇಕೇ? ಅಣ್ಣ ಬೇಡವೆನ್ನುತ್ತಾನೆ. ಅವನಿಗೆ 51. ಮೂರು ತಿಂಗಳ ಹಿಂದೆ ಸಕ್ಕರೆ ಕಾಯಿಲೆ ಶುರುವಾಗಿ ಆರು ಕಿಲೋ ಇಳಿದಿದ್ದಾನೆ, ಅವನಿಗೆ ಅದೇ ಚಿಂತೆ.

ಕೌನ್ಸೆಲರ್: ನೀವು ಕೊನೆಗೆ ಬರೆದದ್ದಕ್ಕೆ ಮೊದಲು ಉತ್ತರಿಸುತ್ತೇನೆ. ಅಣ್ಣನದು ಬರಿಯ ಸಕ್ಕರೆ ಕಾಯಿಲೆ ಎಂದು ಬಿಡಬೇಡಿ. ಐವತ್ತು ದಾಟಿದ ಮೇಲೆ ಹೊಸದಾಗಿ ಬಂದ ಮಧುಮೇಹ, ತೂಕ ಇಳಿಕೆ, ಮೇಲಾಗಿ ಇಂಥ ಮನೆತನ. ಈ ವಾರವೇ ವೈದ್ಯರನ್ನು ಕಾಣಲಿ. ಮನೆತನದ ವಿಷಯ ತಿಳಿಸಿ, ಗ್ರಂಥಿಯ ಸಿಟಿ ಸ್ಕ್ಯಾನ್ ಬಗ್ಗೆ ಕೇಳಲಿ. ಹೊಟ್ಟೆಯ ಸಾಮಾನ್ಯ ಅಲ್ಟ್ರಾಸೌಂಡ್ ಸಾಲದು; ಕರುಳಿನ ಗಾಳಿ ಗ್ರಂಥಿಯನ್ನು ಮರೆಮಾಡುತ್ತದೆ.

ಇನ್ನು ಪರೀಕ್ಷೆ. ಮೊದಲು ರಕ್ತ ಕೊಡಬೇಕಾದವರು ನೀವಲ್ಲ, ನಿಮ್ಮ ಚಿಕ್ಕಪ್ಪ. ಅವರಲ್ಲಿ ಬಿಆರ್‌ಸಿಎ2, ಎಟಿಎಂ, ಪಿಎಎಲ್‌ಬಿ2 ಮುಂತಾದ ವಂಶವಾಹಿಗಳಲ್ಲಿ ಯಾವುದರ ದೋಷವಿದೆ ಎಂದು ತಿಳಿದರೆ, ಉಳಿದವರಲ್ಲಿ ಅದೊಂದನ್ನೇ ಹುಡುಕಬಹುದು. ಬಿಆರ್‌ಸಿಎ ದೋಷವಾದರೆ ಅವರ ಚಿಕಿತ್ಸೆಯ ದಾರಿಯೂ ಬದಲಾಗಬಹುದು. ಅವರು ಇರುವಾಗಲೇ ಮಾಡಿಸಿ. ರೋಗಿ ಹೋದ ಮೇಲೆ ಬಂದ ಮನೆಯವರನ್ನು ಉತ್ತರವಿಲ್ಲದೆ ಕಳಿಸಿದ್ದೇನೆ, ಅದು ಬಹಳ ಕಷ್ಟ.

ಏನೂ ಸಿಗದಿದ್ದರೂ ನೀವು ನಿರಾಳರಾಗುವಂತಿಲ್ಲ. ಒಡಹುಟ್ಟಿದ ಇಬ್ಬರಿಗೆ ಬಂದಿದೆ, ಅವರಲ್ಲೊಬ್ಬರು ನಿಮ್ಮ ತಂದೆ. ಇಂಥವರಿಗೆ 50ರಿಂದ, ಇಲ್ಲವೇ ಮನೆಯಲ್ಲಿ ಅತಿ ಚಿಕ್ಕ ವಯಸ್ಸಿಗೆ ರೋಗ ಬಂದವರಿಗಿಂತ ಹತ್ತು ವರ್ಷ ಮೊದಲೇ ನಿಗಾ ಆರಂಭ. ನಿಮಗೆ ಅದು 42. ಆಗಲೇ ಎರಡು ವರ್ಷ ಕಳೆದಿದೆ. ವರ್ಷಕ್ಕೊಮ್ಮೆ ಎಂಆರ್‌ಐ ಅಥವಾ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ (ಬಾಯಿಯ ಮೂಲಕ ಕೊಳವೆ ಇಳಿಸಿ ಗ್ರಂಥಿಯನ್ನು ಹತ್ತಿರದಿಂದ ನೋಡುವುದು).

ಸದಸ್ಯ: ಸಿಎ 19-9 ರಕ್ತಪರೀಕ್ಷೆ ಸಾಲದೇ?

ಕೌನ್ಸೆಲರ್: ಸಾಲದು. ಈ ಕ್ಯಾನ್ಸರ್‌ನಲ್ಲಿ ಏರುವ ಆ ರಕ್ತದ ಅಂಶ ಪಿತ್ತನಾಳ ಕಟ್ಟಿದರೂ ಏರುತ್ತದೆ. ಕೆಲವರ ದೇಹದಲ್ಲಿ ಉತ್ಪತ್ತಿಯಾಗುವುದೇ ಇಲ್ಲ.

ಇನ್ನೊಬ್ಬ ಸದಸ್ಯೆ: ನನ್ನ ಸಿಎ 19-9 ಸರಿಯಾಗಿದೆ. ನಿಶ್ಚಿಂತಳಾಗಿರಲೇ?

ಕೌನ್ಸೆಲರ್: ಮೇಲೆ ಓದಿ.

ಸದಸ್ಯ: ಬಿಆರ್‌ಸಿಎ ಹೆಂಗಸರಿಗೆ ಮಾತ್ರವಲ್ಲವೇ?

ಕೌನ್ಸೆಲರ್: ಅಲ್ಲ. ತಂದೆಯಿಂದಲೂ ಬರುತ್ತದೆ. ಮಗನಾಗಲಿ ಮಗಳಾಗಲಿ, ಶೇ 50 ಸಾಧ್ಯತೆ.

ಹಿರಿಯ ಸದಸ್ಯ: ಬಂದ ಸಂದೇಶ ಹಂಚುತ್ತಿದ್ದೇನೆ: ಈ ಕಷಾಯ ಹತ್ತು ದಿನ ಕುಡಿದರೆ ಗ್ರಂಥಿ ಶುದ್ಧಿಯಾಗಿ ಕ್ಯಾನ್ಸರ್ ಸುಳಿಯುವುದಿಲ್ಲ.

ಕೌನ್ಸೆಲರ್: ಮೂರನೆಯ ಬಾರಿ ಹೇಳುತ್ತಿದ್ದೇನೆ, ಇದನ್ನು ಹಾಕಬೇಡಿ. ಕಷಾಯ ವಂಶವಾಹಿಯನ್ನು ತಿದ್ದುವುದಿಲ್ಲ. ಕೀಮೋ ಪಡೆಯುತ್ತಿರುವವರು ವೈದ್ಯರಿಗೆ ತಿಳಿಸದೆ ಕುಡಿದರೆ ಯಕೃತ್ತು ಕೆಡಬಹುದು. ಹಂಚಲೇಬೇಕೆಂದಿದ್ದರೆ ಸಿಗರೇಟು ಬಿಡಿ ಎಂದು ಹಂಚಿ. ಈ ಮನೆತನಗಳಲ್ಲಿ ಅಪಾಯವನ್ನು ಇನ್ನಷ್ಟು ಏರಿಸುವುದು ಅದು.

ಹಿರಿಯ ಸದಸ್ಯ: ಆರೋಗ್ಯವಾಗಿರುವವರನ್ನು ಸ್ಕ್ಯಾನ್ ಎಂದು ಹೆದರಿಸುವುದು ಸರಿಯೇ?

ಇನ್ನೊಬ್ಬ ಸದಸ್ಯೆ: ನಮ್ಮ ಮನೆಯಲ್ಲೂ ಹೆದರಿಸಬಾರದೆಂದು ಮುಚ್ಚಿಟ್ಟರು. ತಮ್ಮ ಈಗ ಆಸ್ಪತ್ರೆಯಲ್ಲಿದ್ದಾನೆ. ದಯವಿಟ್ಟು ಸುಮ್ಮನಿರಿ.

ಹಿರಿಯ ಸದಸ್ಯ: ಮಾತಿನಲ್ಲಿ ಹದವಿರಲಿ ತಾಯಿ.

ಸದಸ್ಯ: ಮೇಡಂ, ನನ್ನ ವರದಿಯಲ್ಲಿ ‘ಮಹತ್ವ ಸ್ಪಷ್ಟವಿಲ್ಲದ ಬದಲಾವಣೆ’ ಎಂದಿದೆ. ಮಕ್ಕಳಿಗೂ ಪರೀಕ್ಷೆ ಬೇಕೇ?

ಇನ್ನೊಬ್ಬ ಸದಸ್ಯೆ: ಹದ ನೀವು ಕಲಿಯಿರಿ. ನಿಮ್ಮ ಸಂದೇಶ ನಂಬಿದವರ ಗತಿ ಏನು?

ಕೌನ್ಸೆಲರ್: ಇಬ್ಬರೂ ನಿಲ್ಲಿಸಿ. ಮೊದಲು ಬರೆದ ಸೋದರಿ, ಅಣ್ಣನನ್ನು ವೈದ್ಯರಲ್ಲಿಗೆ ಕರೆದೊಯ್ದಿರಾ?

ಸದಸ್ಯ: ಮೇಡಂ, ನನ್ನ ಪ್ರಶ್ನೆ ಮೇಲಿದೆ.